ಕೊಳ್ಳುವವರ ಕಡೆ ನಿಂತ ದಿನ

1969ರಲ್ಲಿ, ಎಂಟನೆಯ ಇಯತ್ತೆಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ಕೈಗೆ ಕೆಲಸ ಹತ್ತಿತು, ತಲೆಗೆ ಪುಸ್ತಕ ಹತ್ತಲಿಲ್ಲ, ಅಷ್ಟೆ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ದುಡಿದೇ ಉಂಡಿದ್ದೇನೆ.

ಹೋದ ವಾರ ಪ್ಲೆಸೆಂಟನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳು ಸೋಫಾದ ಮೇಲೆ ಕೂತು ಉಗುರಿನ ಬಣ್ಣ ಅಳಿಸುತ್ತಿದ್ದಳು. ಆ ಸೀಸೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಪೇಂಟು ತೆಳುಮಾಡುವ ತಿನ್ನರಿನ ವಾಸನೆ... ಬೆರ್ರಿಯೆಸಾದಲ್ಲಿ ನಾನು ದುಡಿಯುತ್ತಿದ್ದ, ಕಾರಿನ ತಗಡು-ಬಣ್ಣ ಸರಿಪಡಿಸುವ ಆ ಬಾಡಿ ಶಾಪಿನ ವಾಸನೆ. "ಅಜ್ಜಾ, ಆರ್ ಯು ಓಕೆ?" ಎಂದಳು ಹುಡುಗಿ. ಏನೂ ಇಲ್ಲ ಎಂದೆ.

ನೆನಪಾದವರು ನಮ್ಮ ಪೇಂಟರ್ ಮೇಸ್ತ್ರಿ. ಹುಬ್ಬಳ್ಳಿ ಗ್ಯಾರೇಜುಗಳಲ್ಲಿ ಕೆಲಸ ಕಲಿಸಿದವನು ಯಾರೇ ಆಗಲಿ ಮೇಸ್ತ್ರಿಯೇ. ಹಾಗಾಗಿ ಮೆಕ್ಸಿಕೊ ಮೂಲದ ಈ ಮನುಷ್ಯನನ್ನೂ ನಾನು ಹಾಗೇ ಕರೆದೆ. ಅರ್ಥ ಕೇಳಿ ತಿಳಿದುಕೊಂಡು, ಆಮೇಲೆ ಅದೇ ಹೆಸರಿಗೆ ಓಗೊಡುತ್ತಿದ್ದರು. ಅಕ್ಕ ಕಾಗದಪತ್ರ ಮಾಡಿಸಿ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡದ್ದು 1981ರಲ್ಲಿ. ಭಾವನ ಎಂಜಿನಿಯರ್ ಸ್ನೇಹಿತರ ನಡುವೆ ಬಾಯಿ ಬಿಡಲು ಹಿಂಜರಿಯುತ್ತಿದ್ದವನಿಗೆ ಮೇಸ್ತ್ರಿಯ ಪಕ್ಕದಲ್ಲಿ ಮಾತ್ರ ಉಸಿರಾಡಲು ಆಗುತ್ತಿತ್ತು. ಅವರ ಇಂಗ್ಲಿಷಿನಲ್ಲಿ ಸ್ಪ್ಯಾನಿಷ್ ಇತ್ತು, ನನ್ನದರಲ್ಲಿ ಹುಬ್ಬಳ್ಳಿ ಇತ್ತು. ಕೆಲಸ ನಡೆಯುತ್ತಿತ್ತು.

ಹಳೆಯ ಗಾಡಿಯ ಬೆಲೆ ಕಟ್ಟುವುದನ್ನು ಕಲಿಸಿದವರು ಅವರೇ. ಹೊಳಪು ನೋಡಬೇಡ ಎನ್ನುತ್ತಿದ್ದರು. ಕಿಟಕಿಯ ರಬ್ಬರಿನ ಅಂಚಿಗೆ ಬಣ್ಣ ತಾಗಿದೆಯೇ ನೋಡು. ತಾಗಿದ್ದರೆ ಯಾರೋ ಏನನ್ನೋ ಮುಚ್ಚಿದ್ದಾರೆ. ಡಿಕ್ಕಿಯ ಚಾಪೆ ಎತ್ತಿ ಮುಗ್ಗಲು ವಾಸನೆ ಇದೆಯೇ ಮೂಸು. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಬಾಗಿಲ ಕೆಳಗೆ ಓಡಿಸು. ಜಾರಿದ ಕಡೆ ತಗಡು ಇಲ್ಲ, ಪುಟ್ಟಿ ಇದೆ. "ತುಕ್ಕು ಸುಳ್ಳು ಹೇಳಲ್ಲ ಕಣೋ. ಬಣ್ಣ ಹೇಳುತ್ತೆ. ನಾನು ಬಣ್ಣ ಹೊಡೆಯೋನು, ನನಗೆ ಗೊತ್ತು," ಎಂದು ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು.

ಅವರದ್ದೂ ಒಂದು ಮಸಲ್ ಕಾರು ಇತ್ತು. ಎರಡು ಬಾಗಿಲು, ದೊಡ್ಡ ಎಂಜಿನ್ನು, ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಕಿಟಕಿ ಗಾಜು ನಡುಗಬೇಕು. ಹಣ್ಣು ಡಬ್ಬಿಗೆ ತುಂಬುವ ಕ್ಯಾನರಿಯಲ್ಲಿ ಎರಡು ಪಾಳಿ ದುಡಿದು ಹೊಸದಾಗಿ ಕೊಂಡದ್ದು. ಹದಿನೇಳು ವರ್ಷ ಅದಕ್ಕೆ ಬೇರೆಯವರ ಕೈ ತಾಗಿರಲಿಲ್ಲ. ಕಡು ಹಸಿರು ಬಣ್ಣ ಬಿಸಿಲಿಗೆ ಮಾಸಿ, ಟಾಪಿನ ಮೇಲೆ ಒಳಗಿನ ಬೂದು ಇಣುಕುತ್ತಿತ್ತು. ಊರಿನವರ ಕಾರಿಗೆಲ್ಲ ಬಣ್ಣ ಹೊಡೆದವರು ತಮ್ಮದಕ್ಕೆ ಒಂದು ಹನಿಯನ್ನೂ ಹಾಕಿರಲಿಲ್ಲ.

1986ರಲ್ಲಿ ಡಾಕ್ಟರು ಅವರಿಗೆ ಕಡ್ಡಿ ಮುರಿದಂತೆ ಹೇಳಿದರು: ಪೇಂಟು ಹೊಡೆಯುವ ಕೋಣೆಗೆ ಇನ್ನು ಕಾಲಿಡಬಾರದು, ಶ್ವಾಸಕೋಶ ತಡೆಯುವುದಿಲ್ಲ. ಪೆನ್ಷನ್ ಶುರುವಾಗಲು ಇನ್ನೂ ಎರಡು ವರ್ಷ ಇತ್ತು. ಕಾರು ಏಳು ಸಾವಿರ ಡಾಲರಿಗೆ ಹೋದರೆ, ಹೆಂಡತಿಯ ಸಂಬಳದ ಜೊತೆ ಆ ಎರಡು ವರ್ಷ ದಾಟಬಹುದು. "ನಿಮ್ಮವರಲ್ಲಿ ಬರೀ ಡಾಕ್ಟರು, ಎಂಜಿನಿಯರು. ಒಬ್ಬನಿಗೂ ಕಾರಿನ ಹುಚ್ಚಿಲ್ವಾ?" ಎಂದು ಕೇಳಿದರು.

ಒಬ್ಬರಿಗಿತ್ತು. ಸರಟೋಗಾದಲ್ಲಿದ್ದ, ಬೆಂಗಳೂರು ಕಡೆಯ ಎಂಜಿನಿಯರರು. "ನೀವೇ ಬಂದು ನೋಡಿ ಹೇಳ್ಬೇಕು. ರೇಟು ಫೇರ್ ಇದ್ಯಾ ಇಲ್ವಾ ನಿಮಗೇ ಗೊತ್ತಾಗೋದು," ಎಂದರು. ಅಂಥವರು ನನ್ನನ್ನು ಕೇಳಿದ್ದು ಅದೇ ಮೊದಲು. ಎದೆ ಸ್ವಲ್ಪ ಉಬ್ಬಿತು, ಸುಳ್ಳು ಯಾಕೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹಳೆಯ ಲಾರಿ ಕೊಳ್ಳುವವನು ತಿಳಿದವನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾನೆ. ಅವನ ಕೆಲಸ ಬೈಯುವುದು. ಗಾಡಿ ಚಿನ್ನದಂತಿದ್ದರೂ ಮುಖ ಸಿಂಡರಿಸಬೇಕು. ಮಾರುವವನು "ಹೋಗೋ, ನಿನಗೇನ್ ತಿಳೀತೈತಿ!" ಎಂದು ತಿರುಗಿ ಬೈಯಬೇಕು. ಆಮೇಲೆ ಚಹಾ ಕುಡಿದು ನಡುವಿನಲ್ಲಿ ಎಲ್ಲೋ ಬೆಲೆ ನಿಲ್ಲುತ್ತದೆ. ಇಬ್ಬರಿಗೂ ಅದು ಆಟವೆಂದು ಗೊತ್ತು.

ಆ ಭಾನುವಾರ ಮೇಸ್ತ್ರಿಯ ಮನೆಯ ಮುಂದೆ ನಾನು ಆ ಆಟ ಆಡಿದೆ. ಎಂಜಿನಿಯರರು ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು. ನನಗೆ ಮಾತು ಸ್ವಲ್ಪ ಹೆಚ್ಚೇ ಬಂತು. ಸೀಟು ಹರಿದಿದೆ ಎಂದೆ. ಟಾಪು ಸತ್ತುಹೋಗಿದೆ ಎಂದೆ. "ಈ ಬಣ್ಣ ಇಟ್ಟುಕೊಂಡು ಏಳು ಸಾವಿರ ಯಾರು ಕೊಡ್ತಾರೆ? ಪೂರ್ತಿ ಹೊಸ ಪೇಂಟು ಬೇಕು," ಎಂದು ಇಂಗ್ಲಿಷಿನಲ್ಲೇ, ಅವರ ಕಿವಿಗೆ ಬೀಳುವಂತೆ ಹೇಳಿದೆ. ಅವರು ತಿರುಗಿ ಬೈಯುತ್ತಾರೆಂದು ಕಾದೆ...

ಬೈಯಲಿಲ್ಲ. ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ನೀನು ಹೇಳ್ತೀಯ ಅಂದ್ರೆ ಸರಿಯೇ ಇರಬೇಕು," ಎಂದರು.

ಎರಡು ವಾರ ಬಿಟ್ಟು ಮತ್ತೆ ಬರುತ್ತೇವೆ ಎಂದು ಹೇಳಿ ಹೊರಟೆವು. ಹಿಂತಿರುಗುವಾಗ ಫ್ರೀವೇ ಮೇಲೆ ಎಂಜಿನಿಯರರಿಗೆ ನಿಜ ಹೇಳಿದೆ. "ಬಿಡಬ್ಯಾಡ್ರಿ ಸರ. ಏಳು ಸಾವಿರ ಅಂದ್ರ ಸಸ್ತಾನೇ ಆತು. ಆ ಬಣ್ಣ ಫ್ಯಾಕ್ಟರಿದು, ಒಂದ್ ಸಲ ಹೋತಂದ್ರ ಮತ್ತ ಬರಂಗಿಲ್ಲ. ಮುಟ್ಟಲಾರದ ಹಂಗ ಇಟ್ಕೋರಿ."

"ಮತ್ತೆ ಅಲ್ಲಿ ಅಷ್ಟೊಂದು ಬೈದ್ರಲ್ರೀ?"

"ಅದು ವ್ಯಾಪಾರ್ರಿ."

ಇಬ್ಬರೂ ನಕ್ಕೆವು. ಎರಡು ವಾರ ಬಿಟ್ಟು ಕ್ಯಾಶು ತರುತ್ತೇನೆ, ಏಳಕ್ಕೇ ತಗೊಳ್ಳೋಣ ಎಂದರು ಅವರು.

ಸೋಮವಾರ ಮೇಸ್ತ್ರಿಗೆ ಎಲ್ಲ ಬಿಡಿಸಿ ಹೇಳಬೇಕೆಂದಿದ್ದೆ. ಅವರು ಶಾಪಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಹುಷಾರಿಲ್ಲ, ರಜೆ ಹಾಕಿದ್ದಾರೆ ಎಂದರು. ಫೋನ್ ಮಾಡಬಹುದಿತ್ತು. ಹೇಗೂ ಕೈಗೆ ಹಣ ಬಂದ ದಿನ ತಾವೇ ನಗುತ್ತಾರೆ ಬಿಡು ಎಂದು ಸುಮ್ಮನಾದೆ.

ಎರಡು ವಾರದ ನಂತರ ಎಂಜಿನಿಯರರ ಜೊತೆ ಹೋದಾಗ ಅವರ ಮನೆಯ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ತಿನ್ನರಿನ ವಾಸನೆ ಬಂತು. ನನಗೆ ಅಲ್ಲೇ ತಿಳಿಯಿತು.

ಹಸಿರು ಹೊಳೆಯುತ್ತಿತ್ತು. ಅಷ್ಟು ಚೆನ್ನಾದ ಕೆಲಸವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆ ಮುಚ್ಚಿದ ಗ್ಯಾರೇಜಿನಲ್ಲಿ, ಒಬ್ಬರೇ, ಹತ್ತು ದಿನ ಹೊಡೆದಿದ್ದರು. ಮುಖ ಬೂದಿಯಾಗಿತ್ತು. "ಈಗ ಹೇಳು," ಎಂದರು. "ಈಗ ಏಳು ಸಾವಿರ ಬಾಳುತ್ತೋ ಇಲ್ವೋ?"

ಎಂಜಿನಿಯರರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ಏನ್ರೀ ಇದು? ಒರಿಜಿನಲ್ ಅಂತ ತಾನೆ ನೀವು ಅಷ್ಟು ಹೊಗಳಿದ್ದು? ಇದು ಈಗ ಎಲ್ಲಾ ಕಾರಿನ ಹಾಗೆ ಒಂದು ಕಾರು. ಬೇಡ ಬಿಡಿ. ಸಾರಿ ಅಂತ ಹೇಳ್ಬಿಡಿ." ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಕಲಿಸಿದ್ದನ್ನೇ ಅವರು ನನಗೆ ಹೇಳಿದ್ದು. ನನಗೆ ಕಲಿಸಿದವರು ಮುಂದೆ ನಿಂತು, ಭಾಷೆ ತಿಳಿಯದೆ, ಇಬ್ಬರ ಮುಖವನ್ನೂ ನೋಡುತ್ತಿದ್ದರು.

"ಏನಂತೆ?" ಎಂದರು ಮೇಸ್ತ್ರಿ.

"ಅವರ ಹೆಂಡತಿ ಬೇಡ ಅಂದ್ರಂತೆ," ಎಂದೆ.

ಅವರು ನಕ್ಕರು. "ಪಾಪ, ಬುದ್ಧಿವಂತ. ಹೆಂಡತಿ ಮಾತು ಕೇಳಿದೋನು ಹೆಚ್ಚು ದಿನ ಬದುಕ್ತಾನೆ." ಆಮೇಲೆ ಕೆಮ್ಮು ಹಿಡಿಯಿತು. ಬಹಳ ಹೊತ್ತು ಬಿಡಲಿಲ್ಲ.

ಕಾರಿಗೆ ಆಮೇಲೂ ಒಂದಿಬ್ಬರು ಬಂದರು, ರಬ್ಬರಿನ ಅಂಚು ನೋಡಿದರು, ಹೋದರು. ಮೇಸ್ತ್ರಿ ಪೇಂಟಿನ ಕೋಣೆಗೆ ಮರಳಿದರು. ಮುಂದಿನ ವರ್ಷದ ಕೊನೆಯಲ್ಲಿ ತೀರಿಕೊಂಡರು, ಪೆನ್ಷನ್ ಶುರುವಾಗಿರಲಿಲ್ಲ. ಮಣ್ಣಿನ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನೀನು ಹೇಳಿದೆ ಅಂತ ಆ ಬಣ್ಣ ಹೊಡೆದರು. 'ಅವನಿಗೆ ನಾನೇ ಕಲಿಸಿದ್ದು, ಅವನ ಕಣ್ಣು ತಪ್ಪಲ್ಲ' ಅನ್ನೋರು. ಚೆನ್ನಾಗಿತ್ತಲ್ವಾ ಕೆಲಸ?" ಎಂದು ಕೇಳಿದರು. ಚೆನ್ನಾಗಿತ್ತು ಎಂದೆ. ಅದೊಂದು ನಿಜ. ಉಳಿದದ್ದು ಬಾಯಿಗೆ ಬರಲಿಲ್ಲ, ಈಗ ಆಕೆಯೂ ಇಲ್ಲ...

ಈಗಲೂ ಯಾರಾದರೂ ಹಳೆ ಗಾಡಿ ನೋಡಲು ಕರೆಯುತ್ತಾರೆ. ಕೊಳ್ಳುವವರ ಪಕ್ಕದಲ್ಲೇ ನಿಂತು, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದುಬಿಡುತ್ತೇನೆ. ಕರೆದುಕೊಂಡು ಹೋದವರಿಗೆ ಸಿಟ್ಟು ಬರುತ್ತದೆ. ಬರಲಿ.

ಇಂದು ನನ್ನ ಹತ್ತಿರ ಇರುವುದು ಇಷ್ಟು. ಬೆರ್ರಿಯೆಸಾದಲ್ಲಿ ಮೂರು ಕೋಣೆಯ ಸ್ವಂತ ಮನೆ. ಹೆಂಡತಿ. ಒಬ್ಬಳು ಮಗಳು, ಇಬ್ಬರು ಮೊಮ್ಮಕ್ಕಳು. ಸಾಧಾರಣವಾದ ಎರಡು ಕಾರು. ಮತ್ತೆ, ಹೋದ ತಿಂಗಳು ಎದೆಯ ಫೋಟೊ ತೆಗೆಸಿ ನೋಡಿದ ಡಾಕ್ಟರು ಹೇಳಿದಂತೆ, ಕಲೆಯಿಲ್ಲದ ಎರಡು ಶ್ವಾಸಕೋಶ.