ಕವಲಿನಲ್ಲಿ ಕೂತ ಹೊಯ್ಗೆ

ಮಂಗಳೂರು ಬಳಿಯ ಕಣ್ಣೂರಿನ ಅಲಿಯಬ್ಬರಿಗೆ ಎದೆನೋವು ಇದೆಯೆಂದು ನಾಲ್ಕು ತಿಂಗಳು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮೂವತ್ತು ವರ್ಷ ನೇತ್ರಾವತಿಯಲ್ಲಿ ಮುಳುಗಿ ತಳದಿಂದ ಬುಟ್ಟಿಗಟ್ಟಲೆ ಹೊಯ್ಗೆ, ಅಂದರೆ ಮರಳು, ಎತ್ತಿದ ಮನುಷ್ಯ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿದರೆ ಅಲ್ಲೇ ನಿಂತು ಉಸಿರು ಕಟ್ಟುತ್ತಿದ್ದರು. ನೋವು ಇಳಿದ ಮೇಲೆ ಬಿಡುತ್ತಿದ್ದರು, ಮೇಲಿಂದ ಒಂದು ಬೀಡಿಯನ್ನೂ ಹಚ್ಚುತ್ತಿದ್ದರು. ನೀರಿನಡಿಯ ವಿದ್ಯೆ ನೆಲದ ಮೇಲೂ ನಡೆಯುತ್ತದೆಂಬ ಭಂಡಧೈರ್ಯ. ಕೊನೆಗೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಓಡಿ ಸೀಟಿನಲ್ಲಿ ಕುಸಿದಾಗ, ಹೆಂಡತಿ ಮುಮ್ತಾಝ್ ಕೈಹಿಡಿದು ಇಳಿಸಿ ಫಳ್ನೀರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಮರುದಿನ ಹೃದಯದ ಸ್ಕ್ಯಾನಿಂಗ್. ಮಿಷನ್ನಿನೊಳಗೆ ಮಲಗಿಸಿ ಉಸಿರು ಹಿಡಿಯಲು ಹೇಳಿದರು, ಹಿಡಿದರು. ಹತ್ತು ಸೆಕೆಂಡಾದ ಮೇಲೆ ಬಿಡಲು ಹೇಳಿದರೂ ಬಿಡಲಿಲ್ಲ. ಒಮ್ಮೆ ಕಟ್ಟಿದ ಉಸಿರನ್ನು ಬುಟ್ಟಿ ತುಂಬುವ ಮೊದಲು ಬಿಟ್ಟು ಅವರಿಗೆ ಅಭ್ಯಾಸವೇ ಇಲ್ಲ. ಟೆಕ್ನಿಶಿಯನ್ ಪ್ರೇಮ್ ಓಡಿಬಂದು ಭುಜ ಅಲುಗಿಸಿದ.

"ಎಂತ ಮಾರಾಯ್ರೆ, ನನ್ನ ಜೀವ ಹೋಯ್ತು."

"ಇಷ್ಟು ಬೇಗ ಮುಗೀತಾ?" ಎಂದರು ಅಲಿಯಬ್ಬ, ಸ್ವಲ್ಪ ಬೇಸರದಿಂದಲೇ.

ಸಂಜೆ ಡಾಕ್ಟರ್ ದೀಕ್ಷಿತಾ ಚಿತ್ರವನ್ನು ಪರದೆಯ ಮೇಲೆ ತೆರೆದರು. ಅವರು ಬಾಯಿ ಬಿಡುವ ಮೊದಲೇ ಅಲಿಯಬ್ಬ ರಕ್ತನಾಳ ಕವಲೊಡೆಯುವ ಜಾಗಕ್ಕೆ ಬೆರಳಿಟ್ಟರು.

"ಇಲ್ಲಿ ಕೂತಿದೆ, ಅಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಹೊಳೆ ಎರಡಾಗುವಲ್ಲಿ ನಡುವೆ ಸೆಳೆತ ಉಂಟು, ಹೊರಗಿನ ದಡದಲ್ಲಿ ನೀರು ಸೋಮಾರಿ. ಅಲ್ಲೇ ಸುತ್ತುತ್ತದೆ. ಹೊಯ್ಗೆ ಕೂರುವುದೂ ಅಲ್ಲೇ."

ಡಾಕ್ಟರಿಗೆ ಖುಷಿಯಾಯಿತು. "ರಕ್ತದ್ದೂ ಹಾಗೇ. ಜೋರಾಗಿ ಹರಿಯುವಲ್ಲಿ ನಾಳದ ಗೋಡೆ ಗಟ್ಟಿಮುಟ್ಟಾಗಿರ್ತದೆ. ನಿಧಾನವಾಗಿ ಸುಳಿ ತಿರುಗುವಲ್ಲಿ ಗೋಡೆ ಸೊರಗ್ತದೆ, ಕೊಬ್ಬು ಒಳಗೆ ಸೇರಿ ದಪ್ಪ ಆಗ್ತದೆ. ನಿಮ್ಮದು ತುಂಬಾ ಕಟ್ಟಿದೆ. ಸ್ಟೆಂಟ್ ಹಾಕ್ಬೇಕು."

"ಬೇಡ ಡಾಕ್ಟ್ರೆ. ಇವತ್ತು ಖಾಲಿ ಮಾಡಿದ ಜಾಗ ಒಂದು ಮಳೆಗಾಲಕ್ಕೆ ಮತ್ತೆ ತುಂಬ್ತದೆ. ನಾನು ನೋಡದ್ದಾ?"

ಮುಮ್ತಾಝ್ ಅಲ್ಲಿಯವರೆಗೆ ತಡೆದುಕೊಂಡಿದ್ದರು. "ಹೊಳೆಗೆ ನೀವಲ್ಲದಿದ್ದರೆ ಇನ್ನೊಬ್ಬರು ಇಳಿಯುತ್ತಾರೆ. ನನಗೆ ಯಾರಿದ್ದಾರೆ?" ಎಂದು ಅತ್ತೇಬಿಟ್ಟರು. ಅಲಿಯಬ್ಬ ಅವರ ಕೈ ಹಿಡಿದುಕೊಂಡರು, ಆದರೂ ಮಾತು ಹಿಂತೆಗೆಯಲಿಲ್ಲ.

"ನೀವು ಹೇಳಿದ್ದು ತಪ್ಪಲ್ಲ," ಎಂದರು ಡಾಕ್ಟರ್. "ಕವಲನ್ನು ನನಗೆ ಬದಲಿಸ್ಲಿಕ್ಕೆ ಆಗುದಿಲ್ಲ. ಸ್ಟೆಂಟ್ ಹಾಕಿ ದಾರಿ ಬಿಡಿಸ್ತೇನೆ, ಮೇಲಿಂದ ಬರುವ ಹೊಯ್ಗೆ ಕಡಿಮೆ ಆಗ್ಲಿಕ್ಕೆ ಮಾತ್ರೆ ಕೊಡ್ತೇನೆ. ಆದ್ರೆ ದಡವನ್ನು ದಿನಾ ಅಗೆಯುವವರು ನೀವೇ." ಅವರ ಕಣ್ಣು ಅಲಿಯಬ್ಬರ ಅಂಗಿಯ ಕಿಸೆಯ ಮೇಲಿತ್ತು.

ಕಿಸೆಯಲ್ಲಿ ಬೀಡಿಕಟ್ಟು. ಮುಮ್ತಾಝ್ ಬೇಡಿದ್ದರು, ಜಗಳ ಮಾಡಿದ್ದರು, ಅಕ್ಕಿಡಬ್ಬದಲ್ಲಿ ಬಚ್ಚಿಟ್ಟಿದ್ದರು. ಯಾವುದಕ್ಕೂ ಜಗ್ಗದ ಅಲಿಯಬ್ಬ ದಡದ ಮಾತಿಗೆ ಸೋತರು. ಅಗೆದ ದಡ ಎಷ್ಟು ದಿನ ನಿಲ್ಲುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರುಂಟೇ? ಕಟ್ಟನ್ನು ತೆಗೆದು ಹೆಂಡತಿಯ ಕೈಯಲ್ಲಿಟ್ಟರು.

"ಹಾಕಿ ಡಾಕ್ಟ್ರೆ."

ಇದಾಗಿ ವರ್ಷ ತುಂಬಿತು. ಈಗ ಬೆಳಿಗ್ಗೆ ಇಬ್ಬರೂ ಹೊಳೆಬದಿಯಲ್ಲಿ ನಡೆಯುತ್ತಾರೆ. ಏರು ಬಂದಲ್ಲೆಲ್ಲ ಮುಮ್ತಾಝ್ ನಿಂತು ಗಂಡನ ಮುಖ ನೋಡುತ್ತಾರೆ.

"ಉಸಿರು ಕಟ್ಟಿದ್ದಾ?"

"ಇಲ್ಲ ಮಾರಾಯ್ತಿ, ಬಿಡ್ತಾ ಇದ್ದೇನೆ," ಎನ್ನುತ್ತಾರೆ ಅಲಿಯಬ್ಬ. ಮುಮ್ತಾಝ್ ನಂಬುವುದಿಲ್ಲ, ಗಂಡನ ಎದೆಯ ಮೇಲೆ ಕೈಯಿಟ್ಟು ನೋಡಿಯೇ ಮುಂದೆ ಹೆಜ್ಜೆ ಹಾಕುತ್ತಾರೆ.