ಬಣ್ಣದಣ್ಣನ ಮಗಳ ಪ್ಯಾಕೆಟ್ಟು

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಬಣ್ಣದಣ್ಣ ಅಂತ. ಇಪ್ಪತ್ತೆರಡು ವರ್ಷದಿಂದ ಸಿಗರೇಟು ಪ್ಯಾಕೆಟ್ಟು ಅಚ್ಚು ಹಾಕುವ ಯಂತ್ರದ ಮುಂದೆ ನಿಂತವನು, ತಾನು ಮಾತ್ರ ಒಂದು ದಮ್ಮೂ ಎಳೆದವನಲ್ಲ. ಹಾಳೆ ಹೊರಗೆ ಬಂತೋ, ಭೂತಗನ್ನಡಿ ಹಿಡಿದು ಬಗ್ಗಿದನೇ ಸೈ. ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆಯ ಚಿತ್ರ ಇರುತ್ತಲ್ಲ, ಗಂಟಲಲ್ಲಿ ಹುಣ್ಣಾದ ಮನುಷ್ಯನದು, ಅದು ಅವನ ಪಾಲಿಗೆ ಬರೀ ಬಣ್ಣದ ಚುಕ್ಕಿಗಳ ರಾಶಿ. "ಹುಣ್ಣಿಗೆ ಕೆಂಪು ಸಾಲದು ಕಣ್ರೋ, ಇನ್ನೊಂಚೂರು ಬಿಡ್ರೋ!" ಅಂತ ಕೂಗಿದರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಹೌಹಾರುತ್ತಿದ್ದರು.

ಅಚ್ಚು ಕೆಟ್ಟ ಹಾಳೆ ಬಿಸಾಡಲು ಮನಸ್ಸಾದರೂ ಬರಬೇಕಲ್ಲ! ಮಗಳು ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಅವಳ ಪುಸ್ತಕಗಳಿಗೆಲ್ಲ ಅದರದ್ದೇ ಹೊದಿಕೆ. ಬಿಳಿ ಬದಿ ಹೊರಗೆ, ಹುಣ್ಣಿನ ಗಂಟಲು ಒಳಗೆ. ಲೆಕ್ಕದ ಪಾಠ ಬೇಜಾರಾದಾಗೆಲ್ಲ ಹುಡುಗಿ ಹೊದಿಕೆ ಬಿಚ್ಚಿ ಆ ಮನುಷ್ಯನಿಗೆ ಮೀಸೆ, ಕನ್ನಡಕ ಬರೆಯುತ್ತ ಬೆಳೆದಳು.

ಅವಳಿಗೆ ಹದಿನಾರು ತುಂಬಿದ ಮೇಲೊಂದು ಭಾನುವಾರ ಬೆಳಗ್ಗೆ, ಅವಳ ಬ್ಯಾಗು ಕೊಡವುತ್ತಿದ್ದ ತಾಯಿ ಒಂದು ಪ್ಯಾಕೆಟ್ಟು ತಂದು ಗಂಡನ ಕೈಗಿಟ್ಟಳು. ಹತ್ತರಲ್ಲಿ ಮೂರು ಖಾಲಿ. ಮಗಳು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು.

ನಮ್ಮ ಬಣ್ಣದಣ್ಣ ಏನು ಮಾಡಿದ ಗೊತ್ತೇ? ಪ್ಯಾಕೆಟ್ಟನ್ನು ಕಿಟಕಿ ಬೆಳಕಿಗೆ ಹಿಡಿದ, ಓರೆ ಮಾಡಿದ, ಉಗುರಿನಿಂದ ಕೆರೆದ. "ಇದು ನಮ್ಮ ಪ್ರೆಸ್ಸಿಂದಲ್ಲ! ಥೂ, ಕೆಂಪು ಹೋಗಿ ಇಟ್ಟಿಗೆ ಬಣ್ಣ ಆಗಿದೆ. ಇಂಥದ್ದನ್ನ ಯಾಕೆ ತಗೊಂಡೆ ನೀನು?"

"ರೀ!" ಹೆಂಡತಿ ಹಣೆ ಚಚ್ಚಿಕೊಂಡಳು. "ಮಗಳು ಸಿಗರೇಟು ಸೇದ್ತಾಳೆ ಅಂದ್ರೆ ಬಣ್ಣ ಸರಿಯಿಲ್ಲ ಅಂತೀರಲ್ರೀ! ತಲೆಗಿಲೆ ಕೆಟ್ಟಿದೆಯಾ ನಿಮಗೆ?"

ಮಗಳು ತಡೆಯಲಾರದೆ ಕಿಸಕ್ಕೆಂದಳು. ತಾಯಿಗೂ ನಗು ಬಂತು, ಅದರ ಹಿಂದೆಯೇ ಅಳು. ಬಣ್ಣದಣ್ಣನಿಗೆ ಆಗಲೇ ವಿಷಯ ತಲೆಗೆ ಹೋದದ್ದು. ಕುರ್ಚಿ ಮೇಲೆ ಕುಸಿದು ಕೂತ.

"ಈ ಚಿತ್ರ ನೋಡಿ ಭಯ ಆಗ್ಲಿಲ್ವೇನೇ ಪುಟ್ಟಿ?"

"ಇವನನ್ನ ಕಂಡು ಎಂಥ ಭಯ ಅಪ್ಪಾ? ಎಷ್ಟು ಸಲ ಮೀಸೆ ಬರೆದಿದ್ದೀನಿ! ಫ್ರೆಂಡ್ಸು ಚಿತ್ರ ಕಾಣದ ಹಾಗೆ ಸ್ಟಿಕರ್ ಅಂಟಿಸ್ತಾರೆ. ನನಗೆ ಅದೂ ಬೇಕಾಗಿಲ್ಲ."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಯಿತು. ಬಣ್ಣದಣ್ಣ ಚಿತ್ರ ನೋಡಿದ. ಭೂತಗನ್ನಡಿ ಇಲ್ಲದೆ, ಬರಿಗಣ್ಣಲ್ಲಿ, ಮೊದಲ ಸಲ ಪೂರ್ತಿ ನೋಡಿದ. "ಅಂಗಿ ಕಾಲರ್ ನೋಡೇ. ಹರಿದದ್ದನ್ನ ಯಾರೋ ಹೊಲಿದಿದ್ದಾರೆ. ಬಿಳಿ ಅಂಗಿಗೆ ನೀಲಿ ದಾರ. ಅವನಿಗೂ ಒಂದು ಮನೆ ಇತ್ತು ಕಣೇ." ಪ್ಯಾಕೆಟ್ಟನ್ನು ಅವಳ ಕಡೆ ಚಾಚಿದ. "ನಿನಗೆ ಹೀಗೇನಾದ್ರೂ ಆದ್ರೆ ನಾನು ಬದುಕಲ್ಲ ಪುಟ್ಟಿ."

ಅವಳು ಪಕ್ಕದಲ್ಲಿ ಕೂತು ಆ ದಾರವನ್ನೇ ನೋಡಿದಳು. "ಯಾರು ಹೊಲಿದಿರಬಹುದು ಅಪ್ಪಾ?"

"ಮಗಳೇ ಇರಬೇಕು. ಹೊಲಿಗೆ ಸೊಟ್ಟ ಇದೆ."

ಅಳು ಬರುತ್ತಿದ್ದವಳು ನಕ್ಕುಬಿಟ್ಟಳು. ಉಳಿದ ಏಳು ಸಿಗರೇಟನ್ನೂ ತಾನೇ ಮುರಿದು ಬಕೆಟ್ ನೀರಿಗೆ ಹಾಕಿದಳು.

ಬಿಡುವುದೇನು ಹೂವೆತ್ತಿದಷ್ಟು ಸುಲಭವೇ? ಎರಡು ಸಲ ಜಾರಿದಳು. ಎರಡು ಸಲವೂ ಯಾರೂ ಕೇಳುವ ಮೊದಲೇ ಬಂದು ಹೇಳಿದಳು. ಅಪ್ಪ ಗದರಲಿಲ್ಲ, ಆದರೆ ಆ ದಿನಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪ್ರೆಸ್ಸಿಗೆ ಓಡಿ ಬಂದವಳು ಅವನ ಕಿವಿಗೆ ಬಾಯಿಟ್ಟು, "ಅರವತ್ತು ದಿನ ಆಯ್ತು ಅಪ್ಪಾ. ಈಗ ಬೇಕು ಅಂತಲೇ ಅನ್ನಿಸಲ್ಲ" ಅಂದಳು.

"ಬಿಟ್ಲು ಕಣ್ರೋ! ನನ್ನ ಮಗಳು ಬಿಟ್ಲು!"

ಯಂತ್ರದ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಬಣ್ಣದಣ್ಣ ಗುಂಡಿ ಒತ್ತಿ ಯಂತ್ರವನ್ನೇ ನಿಲ್ಲಿಸಿದ. ಸಿಗರೇಟು ಪ್ಯಾಕೆಟ್ಟಿನ ಹಾಳೆಗಳು ಅರ್ಧ ಅಚ್ಚಿನಲ್ಲೇ ನಿಂತವು. ಮ್ಯಾನೇಜರು ಏದುಸಿರು ಬಿಡುತ್ತ ಓಡಿ ಬಂದರು. "ಏನಾಯ್ತ್ರೀ? ಯಂತ್ರ ಕೆಟ್ಟಿತಾ?"

"ಇಲ್ಲ ಸಾರ್. ಒಳ್ಳೆ ಸುದ್ದಿ ಇತ್ತು, ನಾಲ್ಕು ಜನಕ್ಕೆ ಕೇಳಿಸ್ಬೇಕಿತ್ತು."