ಫಾರ್ಮ್ಯಾಟ್ ಒತ್ತದೆ ಉಳಿದ ಬೆಳಗು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ಕೆಲಸ ಕಲಿತವನು ನಾನು. ಈಗ ನನ್ನದೇ ಒಂದು ಶೆಡ್ಡಿದೆ, ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡುವ, ಲೋಹ ಕಡೆಯುವ ಒಂದು ಲೇತ್ ಇದೆ. ಆ ಪ್ರೋಗ್ರಾಂ ಬರೆಯುವುದನ್ನು ಯಾವ ಕ್ಲಾಸಿನಲ್ಲೂ ಕಲಿಯಲಿಲ್ಲ, ಕಬ್ಬಿಣ ಹಾಳು ಮಾಡಿ ಕಲಿತೆ. ಹಾಗೆ ವರ್ಷಗಟ್ಟಲೆ ಬರೆದದ್ದೆಲ್ಲ ಅಂಗೈ ಅಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿತ್ತು. ಕಂಪ್ಯೂಟರ್ ಪದೇ ಪದೇ ಕೆಡುತ್ತಿದ್ದುದರಿಂದ ಎಲ್ಲವನ್ನೂ ಅದಕ್ಕೆ ಸಾಗಿಸಿ, ಇನ್ನು ಭದ್ರ ಎಂದುಕೊಂಡಿದ್ದೆ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಆಯುಧಪೂಜೆಯ ರಜೆ ಮುಗಿಸಿ ಶೆಡ್ಡು ತೆರೆದ ಬೆಳಗ್ಗೆ ಡಿಸ್ಕಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿದೆ. ಪರದೆಯ ಮೇಲೆ ಒಂದು ಚೌಕ ಬಂತು. ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ನಮ್ಮ ಲೇತ್ ಅಲಾರಂ ಹೊಡೆದು ನಿಂತರೆ ಮೊದಲು ರೀಸೆಟ್ ಒತ್ತುತ್ತೇವೆ. ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ. ಇದೂ ಅದರ ತಮ್ಮನೇ ಇರಬೇಕು ಎಂದು ಮೌಸ್ ಮೇಲೆ ಬೆರಳಿಟ್ಟೆ.

ಅಷ್ಟರಲ್ಲಿ ಪಕ್ಕದ ಪ್ಯಾಕಿಂಗ್ ಶೆಡ್ಡಿನಲ್ಲಿ ಲೆಕ್ಕ ಬರೆಯುವ ಅಕ್ಕ ನಮ್ಮ ಕ್ಯಾನಿನಿಂದ ನೀರು ಹಿಡಿಯಲು ಬಂದರು. ವಿಜಯಪುರದ ಕಡೆಯವರು. ಪರದೆ ಕಂಡದ್ದೇ ಬಾಟಲಿ ಬಿಟ್ಟು ಓಡಿ ಬಂದರು.

"ಅಣ್ಣಾರ, ಕೈ ತೆಗೀರಿ! ಅದನ್ನ ಒತ್ತಬ್ಯಾಡ್ರಿ!"

"ಯಾಕಕ್ಕ, ರೀಸೆಟ್ ತಾನೆ?"

"ಎಲ್ಲೀ ರೀಸೆಟ್ರೀ! ಒಳಗಿದ್ದದ್ದನ್ನೆಲ್ಲಾ ಒರೆಸಿ ಹಾಕತೈತಿ. ಆಮ್ಯಾಲೆ ತಲಿಮ್ಯಾಲ ಕೈ ಹೊತ್ಕೊಂಡು ಕೂಡಬೇಕಾಕ್ಕೈತಿ."

ಕೆಲಸದ ವಿಷಯದಲ್ಲಿ ಇನ್ನೊಬ್ಬರಿಂದ ಹೇಳಿಸಿಕೊಂಡು ನನಗೆ ಅಭ್ಯಾಸವಿಲ್ಲ. ಆವತ್ತು ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಅಕ್ಕ ಆ ಚೌಕವನ್ನು ಮುಚ್ಚಿದರು. ವೈರನ್ನು ಕಂಪ್ಯೂಟರಿನ ಮುಂದಿನ ಕಿಂಡಿಯಿಂದ ಕಿತ್ತು ಹಿಂದಿನದಕ್ಕೆ ಹಾಕಿದರು. ಮತ್ತೆ ಅದೇ ಚೌಕ. ತಮ್ಮ ಶೆಡ್ಡಿನಿಂದ ಬೇರೆ ವೈರ್ ತಂದು ಹಾಕಿದರು. ಡಿಸ್ಕಿನ ದೀಪ ಹತ್ತಿ ಆರಿತು. ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ, "ಕೆಟ್ಟಿದ್ರ ಟಕ್ ಟಕ್ ಅಂತಿತ್ತು, ಅನ್ನವಲ್ದು. ಜೀವ ಐತಿ" ಎಂದರು. ಆದರೆ ಹೊಸ ವೈರೂ ಸರಿಯಾಗಿ ಕೂರುತ್ತಿರಲಿಲ್ಲ. ವೈರ್ ಚುಚ್ಚುವ ಡಿಸ್ಕಿನ ಬಾಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದವರು ನನ್ನ ಕಡೆ ತಿರುಗಿದರು.

"ಇದಕ್ಕೂ ಪೂಜಿ ಮಾಡೀರೇನು?"

"ಮಾಡದೆ ಇರ್ತೀನಾ? ಲೇತಿಗಿಂತ ಜಾಸ್ತಿ ಇದಕ್ಕೇ ಬಳಿದಿದ್ದೀನಿ."

"ಹಣಿಗೆ ಹಚ್ಚೋದು ಬಿಟ್ಟು ಬಾಯಾಗ ತುರುಕೀರಲ್ರೀ!"

ಗಂಧ ಕುಂಕುಮ ಕಿಂಡಿಯೊಳಗೆ ಇಳಿದು ಗಟ್ಟಿಯಾಗಿ ಒಣಗಿತ್ತು. ನಾಚಿಕೆಯಾದರೂ ನಗು ಬಂತು.

ಮುಂದಿನದು ಕೈಕೆಲಸ, ಅದು ನನ್ನದು. ಬೆಂಕಿಕಡ್ಡಿಯ ತುದಿಯನ್ನು ಚೂಪು ಮಾಡಿ ಮೆಲ್ಲಗೆ ಕೆರೆದೆ, ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದೆ. "ಪೂರಾ ಆರೋತನಕ ಚುಚ್ಚಬ್ಯಾಡ್ರಿ" ಎಂದು ಅಕ್ಕ ಟೀ ತರಿಸಿದರು. ನನ್ನ ಶೆಡ್ಡಿನಲ್ಲಿ ನನಗೇ ಟೀ ಕೊಡಿಸಿದರು.

ಮತ್ತೆ ಚುಚ್ಚಿದಾಗ ದೀಪ ಹತ್ತಿ ಹಾಗೇ ನಿಂತಿತು. ಫೋಲ್ಡರುಗಳು ಒಂದೊಂದಾಗಿ ತೆರೆದುಕೊಂಡವು. ನಾನು ಮೊಟ್ಟಮೊದಲು ಬರೆದ ಪ್ರೋಗ್ರಾಂ ಕೂಡ ಇತ್ತು, ಬುಷ್ ಎನ್ನುವ ಒಂದು ಸಣ್ಣ ಹಿತ್ತಾಳೆ ಬಳೆಯದು. ಸಂತೋಷಕ್ಕೆ ಲೇತಿನ ಕಡೆ ಹೊರಟೇಬಿಟ್ಟೆ.

"ಎಲ್ಲಿಗ್ ಹೊಂಟ್ರಿ? ಮೊದಲ ಇನ್ನೊಂದು ಕಡಿ ಕಾಪಿ ಮಾಡ್ರಿ!"

ತಮ್ಮ ಪೆನ್‌ಡ್ರೈವನ್ನೇ ಕೊಟ್ಟರು. ಪರದೆಯಲ್ಲಿ ಕಾಪಿಯ ಹಸಿರು ಪಟ್ಟಿ ತುಂಬುವವರೆಗೆ ಅಲ್ಲಾಡದೆ ನಿಂತಿದ್ದರು.

ನನ್ನ ಕೈಯನ್ನು ಹಿಡಿದು ಕಲಿಸಿದವರು ಕಡಿಮೆ. ಸರಿಯಾದ ಹೊತ್ತಿಗೆ ಕೈಯನ್ನು ಹಿಂದಕ್ಕೆ ಎಳೆಸಿದವರು ಇವರೊಬ್ಬರೇ. ಆದರೆ ಥ್ಯಾಂಕ್ಸ್ ಅನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ. ಮಧ್ಯಾಹ್ನ ಆ ಮೊದಲ ಪ್ರೋಗ್ರಾಂ ಹಾಕಿ ಒಂದು ಬುಷ್ ತೆಗೆದೆ. ಅಳೆದು, ಒರೆಸಿ, ಹೊಳಪು ಕೊಟ್ಟು ಅಕ್ಕನ ಟೇಬಲ್ಲಿನ ಮೇಲಿಟ್ಟೆ.

"ಇದೇನ್ರಿ ಅಣ್ಣಾರ?"

"ಫ್ಯಾನ್ ಗಾಳಿಗೆ ನಿಮ್ ಬಿಲ್ ಹಾರ್ತವಲ್ಲಕ್ಕ, ಅವುಗಳ ಮೇಲೆ ಇಟ್ಕೊಳ್ಳಿ. ನೀವು ಉಳಿಸಿದ್ದೇ ಇದು."